ಪಿಲಾಟೀಸ್ ವ್ಯಾಯಾಮವೂ ಅದರ ಶಿಕ್ಷಕರೂ

ಜರ್ಮನಿಯ ಮೊನ್ಷೆನ್‌ಗ್ಲಾಡ್‌ಬಾಖ್ ಎಂಬ ಪಟ್ಟಣದಲ್ಲಿ 1883ನೆಯ ಇಸವಿ ಡಿಸೆಂಬರ್ 9ರಂದು ಜನಿಸಿದ ಜೋಸೆಫ್ ಪಿಲಾಟೀಸ್ ಬಾಲ್ಯದಲ್ಲಿ ಬಹಳ ದುರ್ಬಲನಾಗಿದ್ದನು. ಉಬ್ಬಸವೂ, ಮೂಳೆಗಳನ್ನು ಮೆತ್ತಗಾಗಿಸುವ ರಿಕೆಟ್ಸ್ ರೋಗವೂ ಅವನನ್ನು ಕಾಡಿದವು. ಆದರೆ ಮೂಲೆ ಹಿಡಿದು ಕೂರಲು ಆ ಹುಡುಗನ ಮನಸ್ಸು ಒಪ್ಪಲಿಲ್ಲ. ಅಂಗಸಾಧನೆ, ಮುಷ್ಟಿಯುದ್ಧ ಮೊದಲಾದುವನ್ನು ಅಭ್ಯಾಸ ಮಾಡಿ ದೃಢಕಾಯನಾದನು.

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಪಿಲಾಟೀಸರು ಇಂಗ್ಲೆಂಡಿನಲ್ಲಿದ್ದರು. ಶತ್ರುದೇಶದ ಪ್ರಜೆಯೆಂಬ ಕಾರಣದಿಂದ ಅವರನ್ನು ಬಂಧಿಸಿ, ಕೊನೆಗೆ ಮ್ಯಾನ್ ದ್ವೀಪದ ಶಿಬಿರದಲ್ಲಿಟ್ಟರು. ಅಲ್ಲಿ ಹಾಸಿಗೆ ಹಿಡಿದವರ ಮಂಚಗಳಿಗೆ ಸ್ಪ್ರಿಂಗುಗಳನ್ನು ಕಟ್ಟಿ, ಮಲಗಿದಲ್ಲಿಯೇ ಅವರು ಕೈಕಾಲು ಆಡಿಸುವಂತೆ ಮಾಡಿದರೆಂದು ಹೇಳುವುದುಂಟು. ಈ ಕಥೆಯಲ್ಲಿ ಉತ್ಪ್ರೇಕ್ಷೆ ಎಷ್ಟಿದೆಯೋ ಇರಲಿ; ಅವರು ಮುಂದೆ ನಿರ್ಮಿಸಿದ ಸಾಧನಗಳಲ್ಲಿ ಸ್ಪ್ರಿಂಗಿಗೇ ಪ್ರಧಾನ ಸ್ಥಾನವಿರುವುದಂತೂ ನಿಜ.

1926ರಲ್ಲಿ ಅಮೆರಿಕಕ್ಕೆ ಹೋಗಿ, ನ್ಯೂಯಾರ್ಕ್ ನಗರದ ಎಂಟನೆಯ ಅವೆನ್ಯೂದಲ್ಲಿ ಪತ್ನಿ ಕ್ಲಾರಾ ಅವರೊಡನೆ ವ್ಯಾಯಾಮಶಾಲೆಯನ್ನು ನಡೆಸತೊಡಗಿದರು. ತಮ್ಮ ಪದ್ಧತಿಯನ್ನು ಅವರು ‘ಕಂಟ್ರಾಲಜಿ’ ಎಂದು ಕರೆದರು. ನಿಯಂತ್ರಣದ ಶಾಸ್ತ್ರ ಎಂದು ಇದರ ಅರ್ಥ. ತೋಳಿನ ಗಾತ್ರವನ್ನು ಬೆಳೆಸುವುದು ಇದರ ಗುರಿಯಲ್ಲ. ಪ್ರತಿಯೊಂದು ಚಲನೆಯೂ ಉಸಿರಿನೊಡನೆ ಹೊಂದಿ, ಮನಸ್ಸಿನ ಹತೋಟಿಯಲ್ಲಿ ನಡೆಯಬೇಕು. ಗಾಯಗೊಂಡ ನರ್ತಕರು ಅವರನ್ನು ಹುಡುಕಿಕೊಂಡು ಬರುತ್ತಿದ್ದರು. 1941ರಲ್ಲಿ ಕಣಕಾಲಿನ ನೋವಿನಿಂದ ಬಳಲುತ್ತಿದ್ದ ರೊಮಾನಾ ಕ್ರಿಜನೋವ್ಸ್ಕಾ ಎಂಬ ತರುಣಿಯನ್ನು ಪ್ರಸಿದ್ಧ ನೃತ್ಯಸಂಯೋಜಕ ಜಾರ್ಜ್ ಬ್ಯಾಲಂಚೀನರೇ ಅಲ್ಲಿಗೆ ಕರೆದೊಯ್ದರು. 1967ರಲ್ಲಿ ಪಿಲಾಟೀಸರು ತೀರಿಕೊಂಡ ಬಳಿಕ ಆ ಶಾಲೆಯ ಹೊಣೆ ಹೊತ್ತು, ಅನೇಕ ಶಿಕ್ಷಕರನ್ನು ತಯಾರುಮಾಡಿದವರು ಆಕೆಯೇ.

1945ರಲ್ಲಿ ಪಿಲಾಟೀಸರು ಪ್ರಕಟಿಸಿದ ಪುಸ್ತಕದಲ್ಲಿ 34 ಅಭ್ಯಾಸಗಳು ಚಿತ್ರಸಹಿತವಾಗಿವೆ. ಚಿತ್ರ ನೋಡಿ ಮನೆಯಲ್ಲಿಯೇ ಮಾಡಿದರೆ ಸಾಲದೆ, ಶಿಕ್ಷಕರೇಕೆ ಬೇಕು ಎಂದು ನೀವು ಕೇಳಬಹುದು.

ಮೊದಲನೆಯ ಅಭ್ಯಾಸವನ್ನೇ ನೋಡೋಣ. ಅದರ ಹೆಸರು ‘ನೂರು’. ಅಂಗಾತ ಮಲಗಿ, ತಲೆಯನ್ನೂ ಕಾಲುಗಳನ್ನೂ ಎತ್ತಿ, ಚಾಚಿದ ತೋಳುಗಳನ್ನು ಮೇಲಕ್ಕೂ ಕೆಳಕ್ಕೂ ಆಡಿಸಬೇಕು. ಐದು ಎಣಿಕೆಗೆ ಉಸಿರನ್ನು ಒಳಕ್ಕೆಳೆದು ಐದು ಎಣಿಕೆಗೆ ಹೊರಬಿಡಬೇಕು. ಹೀಗೆ ಹತ್ತು ಬಾರಿ. ಆರೋಗ್ಯವಂತ ತರುಣನಿಗೆ ಇದು ಒಳ್ಳೆಯ ಅಭ್ಯಾಸ. ಆದರೆ ಮೂಳೆಗಳು ಟೊಳ್ಳಾಗಿರುವ ಅರುವತ್ತರ ವೃದ್ಧೆಯೊಬ್ಬಳು ಇದನ್ನೇ ಮಾಡಿದಳೆನ್ನಿ. ತಲೆಯೆತ್ತಿ ಬೆನ್ನನ್ನು ಮುಂದಕ್ಕೆ ಬಾಗಿಸಿದಾಗ ಬೆನ್ನುಮೂಳೆಯ ಮಣಿಗಳ ಮುಂಭಾಗದ ಮೇಲೆ ಒತ್ತಡ ಬೀಳುತ್ತದೆ. ಸವೆದ ಮಣಿ ಕುಸಿಯಲೂಬಹುದು. ಪುಸ್ತಕಕ್ಕೆ ಓದುಗಳ ವಯಸ್ಸು ತಿಳಿಯದು. ಅರ್ಹ ಶಿಕ್ಷಕಿಯಾದರೋ ಮೊದಲು ಅವಳ ಆರೋಗ್ಯವನ್ನು ವಿಚಾರಿಸಿ, ತಲೆಯನ್ನು ನೆಲದ ಮೇಲೆಯೇ ಇರಿಸಿ, ಮಂಡಿಗಳನ್ನು ಮಡಿಸಿ, ತೋಳು ಮತ್ತು ಉಸಿರುಗಳ ಅಭ್ಯಾಸವನ್ನಷ್ಟೇ ಮಾಡಿಸುತ್ತಾಳೆ. ತುಂಬು ಗರ್ಭಿಣಿಯನ್ನು ಬಹಳ ಹೊತ್ತು ಅಂಗಾತ ಮಲಗಿಸುವುದಿಲ್ಲ.

ಇನ್ನೊಂದು ಸಂಗತಿಯುಂಟು. ಹೊಟ್ಟೆಯ ಒಳಪದರದ ಸ್ನಾಯುಗಳೂ, ಉಸಿರಾಟದ ವಪೆಯೂ, ಬೆನ್ನುಮೂಳೆಗೆ ಅಂಟಿಕೊಂಡ ಕಿರುಸ್ನಾಯುಗಳೂ ಕೂಡಿ ನಡುವಿಗೆ ಆಧಾರ ನೀಡುತ್ತವೆ. ಅವು ಹೊರಗೆ ಕಾಣುವಂಥವಲ್ಲ. ಉಸಿರು ಬಿಗಿಹಿಡಿದು ಕುತ್ತಿಗೆಯನ್ನು ಸೆಟೆಸಿದರೂ ಅಭ್ಯಾಸ ಮಾಡುವವನಿಗೆ ತಾನು ಸರಿಯಾಗಿಯೇ ಮಾಡುತ್ತಿದ್ದೇನೆಂಬ ಭ್ರಮೆ. ನಮ್ಮ ಬೆನ್ನು ನಮಗೆ ಕಾಣುವುದಿಲ್ಲವಷ್ಟೆ! ಆಗ ಶಿಕ್ಷಕಿಯ ಒಂದು ಮಾತು ದೋಷವನ್ನು ತಿದ್ದುತ್ತದೆ.

ಆದರೆ ಶಿಕ್ಷಕರೆನಿಸಿಕೊಂಡವರೆಲ್ಲರೂ ಕಲಿತವರೇ ಎಂದು ಹೇಳುವಂತಿಲ್ಲ. ‘ಪಿಲಾಟೀಸ್’ ಎಂಬ ಹೆಸರು ತನ್ನ ವ್ಯಾಪಾರಮುದ್ರೆಯೆಂದು ಒಬ್ಬರು ಹಕ್ಕು ಸಾಧಿಸಿದಾಗ, 2000ದಲ್ಲಿ ನ್ಯೂಯಾರ್ಕಿನ ನ್ಯಾಯಾಲಯವು ಅದನ್ನು ಒಪ್ಪಲಿಲ್ಲ. ಅದು ವ್ಯಾಯಾಮಪದ್ಧತಿಯೊಂದರ ಸಾಮಾನ್ಯ ಹೆಸರೆಂದು ತೀರ್ಪಿತ್ತಿತು. ತೀರ್ಪು ನ್ಯಾಯವಾದುದೇ. ಆದರೆ ಅಂದಿನಿಂದ ಆ ಹೆಸರಿನ ಫಲಕವನ್ನು ಯಾರು ಬೇಕಾದರೂ ತೂಗುಹಾಕಬಹುದಾಯಿತು. ಇಂದು ಬೆಂಗಳೂರಿನಲ್ಲಿಯೂ ಇಂತಹ ಶಾಲೆಗಳಿವೆ. ಅಮೆರಿಕದಲ್ಲಿ ಶಿಕ್ಷಕರಿಗಾಗಿ ಏರ್ಪಡಿಸಿದ ರಾಷ್ಟ್ರೀಯ ಪ್ರಮಾಣಪತ್ರದ ಪರೀಕ್ಷೆಗೆ ಕುಳಿತುಕೊಳ್ಳಬೇಕಾದರೆ ಸುಮಾರು 450 ಗಂಟೆಗಳ ಶಿಕ್ಷಣವಾಗಿರಬೇಕು. ವಾರಾಂತ್ಯದ ಎರಡು ದಿನಗಳಲ್ಲಿ ಪತ್ರ ಪಡೆದು ಬಂದವರಿಗೂ ಇವರಿಗೂ ಇರುವ ಅಂತರವನ್ನು ನೀವೇ ಊಹಿಸಬಹುದು.

ಈ ವ್ಯಾಯಾಮವು ಸರ್ವರೋಗನಿವಾರಕವೆಂದು ಹೇಳುವವರನ್ನು ನಂಬಬೇಕಾಗಿಲ್ಲ. 2015ರಲ್ಲಿ ಕಾಕ್ರೇನ್ ಸಂಸ್ಥೆಯು ಹತ್ತು ಪ್ರಯೋಗಗಳನ್ನು ಪರಿಶೀಲಿಸಿತು. ಸೊಂಟನೋವಿಗೆ ಹೆಚ್ಚೇನೂ ಮಾಡದೆ ಇರುವುದಕ್ಕಿಂತ ಪಿಲಾಟೀಸ್ ಮೇಲೆಂದೂ, ಇತರ ವ್ಯಾಯಾಮಗಳಿಗಿಂತ ಮೇಲೆನ್ನಲು ಖಚಿತ ಆಧಾರವಿಲ್ಲವೆಂದೂ ಅದು ತಿಳಿಸಿತು. ಒಳ್ಳೆಯ ಶಿಕ್ಷಕಿಗೆ ಈ ಮಿತಿ ಗೊತ್ತು. ಬೆನ್ನುನೋವೆಂದು ಬಂದ ವಿದ್ಯಾರ್ಥಿಯು ಕಾಲಿನಲ್ಲಿ ಜೋಮು ಹಿಡಿಯುತ್ತಿದೆ, ಪಾದ ಎತ್ತಲಾಗುತ್ತಿಲ್ಲ ಎಂದರೆ, ಅವಳು ಅಂದಿನ ಪಾಠವನ್ನು ಅಲ್ಲಿಗೇ ನಿಲ್ಲಿಸಿ ಅವನನ್ನು ವೈದ್ಯರ ಬಳಿಗೆ ಕಳುಹಿಸುತ್ತಾಳೆ.