ಬಂಡೆಗೆ ಅಂಟದ ಹವಳ

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದಲ್ಲಿ ಇದ್ದೇವೆ. ಮನೆಯ ಉಪ್ಪುನೀರಿನ ಅಕ್ವೇರಿಯಂಗೆ ಈಚೆಗೆ ಒಂದು ಪ್ಲೇಟ್ ಕೋರಲ್ ತಂದೆವು. ಬೇರೆ ಹವಳಗಳೆಲ್ಲ ಬಂಡೆಗೆ ಅಂಟಿಕೊಂಡಿವೆ, ಇದು ಮಾತ್ರ ತಟ್ಟೆಯಂತೆ ಬಿಡಿಯಾಗಿದೆ. ತರುವಾಗ ಮುರಿದಿರಬಹುದೇ? ಅಂಟು ಹಾಕಿ ಬಂಡೆಯ ಮೇಲೆ ಕೂರಿಸೋಣವೇ? ಒಂದು ಹೊತ್ತು ದಪ್ಪಗೆ ಊದಿಕೊಂಡಿರುತ್ತದೆ, ಇನ್ನೊಂದು ಹೊತ್ತು ಸೊರಗಿರುತ್ತದೆ. ಇದು ಕಾಯಿಲೆಯೇ?

ಉತ್ತರ: ಅಂಟು ಹಾಕುವ ಮೊದಲೇ ಕೇಳಿದಿರಿ, ಬಹಳ ಒಳ್ಳೆಯದಾಯಿತು. ನಿಮ್ಮ ಹವಳ ಮುರಿದಿಲ್ಲ. ಅದರ ಜಾಗ ಮರಳೇ.

ನಿಮ್ಮ ಅನುಮಾನ ಸಹಜವಾದದ್ದು. ಹವಳವೆಂದರೆ ಬಂಡೆಗೆ ಕಚ್ಚಿಕೊಂಡಿರುವ ಜೀವಿ ಎಂದೇ ನಾವೆಲ್ಲ ತಿಳಿದಿರುತ್ತೇವೆ. ಪ್ಲೇಟ್ ಕೋರಲ್ ಕೂಡ ಎಳೆಯದಾಗಿದ್ದಾಗ ಸಣ್ಣ ತೊಟ್ಟಿನ ಮೇಲೆ ಬಂಡೆಗೆ ಅಂಟಿಕೊಂಡೇ ಬೆಳೆಯುತ್ತದೆ. ತಟ್ಟೆ ಅಗಲವಾದ ಮೇಲೆ ತೊಟ್ಟು ಸವೆದು ಕಳಚುತ್ತದೆ. ಅಲ್ಲಿಂದ ಮುಂದೆ ಅದು ಸ್ವತಂತ್ರ. ಮರಳಿನ ಮೇಲೋ ಹವಳದ ಚೂರುಗಳ ನಡುವೆಯೋ ಬದುಕುತ್ತದೆ. ಇನ್ನೊಂದು ವಿಷಯವನ್ನೂ ಗಮನಿಸಿ. ಕವಲೊಡೆಯುವ ಹವಳಗಳಲ್ಲಿ ನೂರಾರು ಪುಟ್ಟ ಜೀವಿಗಳು ಒಟ್ಟಿಗಿರುತ್ತವೆ. ಅಂಗಡಿಗಳಲ್ಲಿ ಸಿಗುವ ದುಂಡನೆಯ ಪ್ಲೇಟ್ ಕೋರಲ್ ಸಾಮಾನ್ಯವಾಗಿ ಇಡಿಯಾಗಿ ಒಂದೇ ಜೀವಿ. ನಡುವೆ ಕಾಣುವ ಸೀಳು ಅದರ ಬಾಯಿ.

ಊದುವುದು ಅದರ ಕೆಲಸದ ಭಾಗ. ಮೈಯೊಳಗೆ ನೀರು ತುಂಬಿಕೊಂಡು ಮೇಲೆ ಬಿದ್ದ ಮರಳನ್ನು ಜಾರಿಸುತ್ತದೆ, ಹೂತುಹೋದರೆ ಮೇಲೇಳುತ್ತದೆ, ನಿಧಾನವಾಗಿ ಸರಿಯುತ್ತದೆ ಕೂಡ. ಇದೇ ಕುಟುಂಬದ ಸೈಕ್ಲೋಸೆರಿಸ್ ಎಂಬ ಹವಳ ಮೈ ಉಬ್ಬಿಸಿ ಕುಗ್ಗಿಸಿ ನೀಲಿ ಬೆಳಕಿನತ್ತ ನಡೆಯುವುದನ್ನು ಆಸ್ಟ್ರೇಲಿಯಾದ ಸಂಶೋಧಕರು 2025ರಲ್ಲಿ ವಿವರಿಸಿದ್ದಾರೆ. ಬಂಡೆಯ ಮೇಲೆ ಕೂರಿಸಿದರೆ ಹೀಗೆ ಊದಿದಾಗಲೆಲ್ಲ ತೆಳುವಾದ ಮಾಂಸ ಒರಟು ಕಲ್ಲಿಗೆ ಉಜ್ಜಿ ಹರಿಯುತ್ತದೆ. ಹರಿದಲ್ಲಿಂದ ಕೊಳೆತ ಶುರುವಾಗುತ್ತದೆ. ಅಂಟು ಬೇಡ ಎನ್ನುವುದು ಇದೇ ಕಾರಣಕ್ಕೆ.

ಹಾಗಾಗಿ ನುಣುಪಾದ ಮರಳಿನ ಮೇಲೆ, ಸುತ್ತ ಒಂದು ಗೇಣು ಜಾಗ ಬಿಟ್ಟು ಇಡಿ. ಉದ್ದ ಗ್ರಹಣಾಂಗಗಳ ಹೀಲಿಯೋಫಂಜಿಯಾ ಜಾತಿಯದಾದರೆ ಇನ್ನಷ್ಟು ಜಾಗ ಬೇಕು, ಏಕೆಂದರೆ ಅದು ನೆರೆಯ ಹವಳಗಳನ್ನು ಕುಟುಕುತ್ತದೆ. ನೀರಿನ ಹರಿವು ಗ್ರಹಣಾಂಗಗಳನ್ನು ಮೆಲ್ಲಗೆ ತೂಗುವಷ್ಟಿರಲಿ, ಮರಳನ್ನು ಎಬ್ಬಿಸುವಷ್ಟಲ್ಲ. ಬೆಳಕು ಮಧ್ಯಮವಾಗಿದ್ದರೆ ಸಾಕು. ಬೆಳಕು ಅಳೆಯುವ ಮೀಟರ್ ಇದ್ದರೆ 50ರಿಂದ 150 ಪಾರ್. ಹೊಸದಾಗಿ ತಂದದ್ದನ್ನು ಮಂದ ಬೆಳಕಿನಲ್ಲಿಟ್ಟು ಕ್ರಮೇಣ ಹೆಚ್ಚಿಸಿ. ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್, ಉಪ್ಪುನೀರಿನ ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸು, ಆಲ್ಕಲಿನಿಟಿ 8ರಿಂದ 9 ಡಿಕೆಎಚ್, ಕ್ಯಾಲ್ಸಿಯಂ ಲೀಟರಿಗೆ 400ರಿಂದ 450 ಮಿಲಿಗ್ರಾಂ. ಈ ಅಂಕಿಗಳನ್ನು ಕರಾರುವಾಕ್ಕಾಗಿ ಹಿಡಿಯುವುದಕ್ಕಿಂತ ಅವು ಏರಿಳಿಯದಂತೆ ನೋಡಿಕೊಳ್ಳುವುದೇ ಮುಖ್ಯ.

ಆಹಾರ? ಮೈಯೊಳಗಿನ ಸೂಕ್ಷ್ಮ ಪಾಚಿಗಳು ಬೆಳಕಿನಿಂದ ಬಹುಪಾಲು ಒದಗಿಸುತ್ತವೆ. ಆದರೂ ವಾರಕ್ಕೆ ಒಂದೆರಡು ಸಲ ಮೈಸಿಸ್ ಸೀಗಡಿಯ ಚಿಕ್ಕ ತುಣುಕುಗಳನ್ನು ಕೊಟ್ಟರೆ ಚೆನ್ನಾಗಿ ಬೆಳೆಯುತ್ತದೆ. ಪಂಪ್ ನಿಲ್ಲಿಸಿ, ಪಿಪೆಟ್‌ನಿಂದ ತಟ್ಟೆಯ ಮೇಲೆ ಮೆಲ್ಲನೆ ಬಿಡಿ. ತುಣುಕು ಲೋಳೆಯಲ್ಲಿ ಸಿಕ್ಕಿಕೊಂಡು, ಕಣ್ಣಿಗೆ ಕಾಣದ ರೋಮಗಳ ಎಳೆತಕ್ಕೆ, ಇಷ್ಟಿಷ್ಟೇ ಬಾಯಿಯತ್ತ ಜಾರುತ್ತದೆ. ಬಾಯಿ ನಿಧಾನವಾಗಿ ತೆರೆಯುತ್ತದೆ. ಪೂರ್ತಿ ನುಂಗುವವರೆಗೂ ಅಲ್ಲೇ ಇರಿ, ತೊಟ್ಟಿಯ ಸೀಗಡಿಗಳು ಬಾಯಿಂದಲೇ ಕದಿಯುತ್ತವೆ. ದೊಡ್ಡ ತುಂಡು ಹಾಕಿದರೆ ಉಗುಳಿಬಿಡುತ್ತದೆ.

ಸರಿಸಬೇಕಾಗಿ ಬಂದರೆ ಊದಿದಾಗ ಎತ್ತಬೇಡಿ. ನೀರಿನೊಳಗೇ ಕೈಯಿಂದ ಮೆಲ್ಲಗೆ ಬೀಸಿ, ಅದು ಕುಗ್ಗಿದ ಮೇಲೆ ಅಡಿಯಿಂದ ಹಿಡಿಯಿರಿ. ನೀರು ತುಂಬಿದ ಮೈ ಹೊರಗೆ ತನ್ನ ಭಾರಕ್ಕೇ ಹರಿಯುತ್ತದೆ.

ಕೆಲವು ಗಂಟೆ ಸೊರಗಿದರೆ ಚಿಂತೆಯಿಲ್ಲ. ದಿನಗಟ್ಟಲೆ ಕುಗ್ಗಿ, ಅಂಚಿನಲ್ಲಿ ಬಿಳಿ ಅಸ್ಥಿ ಕಾಣಿಸಿದರೆ ನೀರನ್ನು ಪರೀಕ್ಷಿಸಿ, ಬೆಳಕು ಇಳಿಸಿ, ಯಾವುದಾದರೂ ಮೀನು ಕಚ್ಚುತ್ತಿದೆಯೇ ನೋಡಿ. ಪೂರ್ತಿ ಸತ್ತಂತೆ ಕಂಡರೂ ಅಸ್ಥಿಯನ್ನು ತಕ್ಷಣ ಎಸೆಯಬೇಡಿ. ಕೊಳೆತ ಮಾಂಸವನ್ನು ತೊಳೆದು ತೆಗೆದು, ಮಂದ ಬೆಳಕಿನ ಮೂಲೆಯಲ್ಲಿಡಿ. ಕೆಲವೊಮ್ಮೆ ತಿಂಗಳುಗಳ ನಂತರ ಅದರ ಮೇಲೆ ಗುಂಡಿಯಂಥ ಮರಿಗಳು ಮೊಳೆಯುತ್ತವೆ. ಬೆಳೆದು, ತಾವಾಗಿಯೇ ಕಳಚಿ ಮರಳಿಗೆ ಇಳಿಯುತ್ತವೆ.

ಅಸ್ಥಿಯ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಊರಿಗೆ ಬಂದಾಗ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದಲ್ಲಿ ಮುಳುಗಿ ಹವಳಗಳನ್ನು ಕಣ್ತುಂಬ ನೋಡಿ. ಅಲ್ಲಿಂದ ಏನನ್ನೂ ಎತ್ತಬೇಡಿ. ಭಾರತದ ಎಲ್ಲ ಗಟ್ಟಿ ಹವಳಗಳೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಅಂಗಡಿಯಲ್ಲಿ ಕೊಂಡ ಹವಳವೇ ಆದರೂ ಪರವಾನಗಿ ಇಲ್ಲದೆ ದೇಶದಿಂದ ದೇಶಕ್ಕೆ ಒಯ್ಯುವಂತಿಲ್ಲ.