ಸಂಪು ದೊಡ್ಡದು, ನಲ್ಲಿ ಅರ್ಧ ಇಂಚು

ಸಾಗರದ ನಮ್ಮ ಮನೆಯಲ್ಲಿ ಬಚ್ಚಲ ಒಲೆ ಕೀಳಿಸಿ ಗೀಸರ್ ಹಾಕಿಸಿದವನು ನಾನೇ. ಹಾಗಾಗಿ ಕಳೆದ ಆಷಾಢದಲ್ಲಿ, ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋಗಿದ್ದ ಒಂದು ಬೆಳಿಗ್ಗೆ, ತಲೆಗೆ ಸೋಪು ಹಚ್ಚಿಕೊಂಡು ಕತ್ತಲಲ್ಲಿ ನಿಂತದ್ದಕ್ಕೆ ಯಾರನ್ನೂ ಬೈಯುವಂತಿರಲಿಲ್ಲ. ಗೀಸರ್ ಆನ್ ಇತ್ತು, ಇವಳು ಚಟ್ನಿಗೆ ಮಿಕ್ಸಿ ಹಾಕಿದಳು, ಇನ್ವರ್ಟರ್ ಕೀಂ ಎಂದು ಕೂಗಿ ಮಲಗಿತು. ಬ್ಯಾಟರಿ ಆಗಿನ್ನೂ ಶೇ. 90 ಇತ್ತು.

‘ಬ್ಯಾಟರಿ ಸಾಲದು ಸಾರ್, ಇನ್ನೊಂದು ಹಾಕ್ಸಿಬಿಡಿ’ ಅಂದ ಅಂಗಡಿಯವನು. ಹಾಕಿಸಿಬಿಟ್ಟೆ. 5 ಯೂನಿಟ್ಟಿನ ಲಿಥಿಯಂ, 1,15,000 ರೂಪಾಯಿ. ಮುಂದಿನ ವಾರ ಮತ್ತೆ ಕರೆಂಟ್ ಹೋಯಿತು. ಮತ್ತೆ ಗೀಸರ್, ಮತ್ತೆ ಮಿಕ್ಸಿ, ಮತ್ತೆ ಕೀಂ.

ಕೊಳ್ಳುವ ಮೊದಲೇ ಹಾಕಬೇಕಿದ್ದ ಲೆಕ್ಕವನ್ನು ಆ ದಿನ ಹಾಲಿನ ಪುಸ್ತಕದ ಹಿಂಬದಿಗೆ ಬರೆದೆ. ಚಾವಣಿಯ ಸೋಲಾರಿಗೆ ಹಾಕಿಸಿದ ನನ್ನ ಹೈಬ್ರಿಡ್ ಇನ್ವರ್ಟರ್ 3 ಕೆವಿಎ. ಪವರ್ ಫ್ಯಾಕ್ಟರ್ 0.8, ಅಂದರೆ ಕೈಗೆ ಸಿಗುವುದು 2,400 ವ್ಯಾಟ್. ಗೀಸರ್ 2,000. ಫ್ರಿಜ್ 150. ದೀಪ, ಟಿವಿ, ವೈಫೈ ಸೇರಿ ಇನ್ನೊಂದು 150. ಇಲ್ಲಿಗೆ 2,300, ಉಳಿದದ್ದು ನೂರು. ಮಿಕ್ಸಿ ಕೇಳುವುದು 750. ಒಟ್ಟು 3,050, ಮಿತಿಗಿಂತ 650 ಹೆಚ್ಚು. ಬ್ಯಾಟರಿ ಒಂದಿರಲಿ ನಾಲ್ಕಿರಲಿ, ಈ 650 ಎಲ್ಲಿಂದಲೂ ಹುಟ್ಟುವುದಿಲ್ಲ. ಸಂಪು ಎಷ್ಟು ಅಗಲ ತೋಡಿಸಿದರೂ ಅರ್ಧ ಇಂಚಿನ ನಲ್ಲಿಯಲ್ಲಿ ಬರುವುದು ಅಷ್ಟೇ ನೀರು.

ಗೀಸರ್ ಬಿಟ್ಟರೆ ನಮಗೆ ಬೇಕಾದದ್ದು 300 ವ್ಯಾಟ್. ಐದು ಗಂಟೆ ಕರೆಂಟ್ ಇಲ್ಲದಿದ್ದರೂ ಒಂದೂವರೆ ಯೂನಿಟ್. ಅದಕ್ಕೆ ಮೊದಲ ಬ್ಯಾಟರಿಯೇ ಧಾರಾಳ. ಮೇನ್ಸ್ ಇರುವಾಗ ಈ ಹುಳುಕು ಕಾಣುವುದೂ ಇಲ್ಲ, ಕಡಿಮೆ ಬಿದ್ದದ್ದನ್ನು ಅದು ತುಂಬಿಕೊಡುತ್ತದೆ.

ಅದೇ ಅಂಗಡಿಯ ಹಳೆಯ ಕೊಟೇಶನ್ನಿನಲ್ಲಿ 5 ಕೆವಿಎ ಇನ್ವರ್ಟರಿಗೆ 25,000 ಮಾತ್ರ ಹೆಚ್ಚಿತ್ತು. ನಾನೇ ಗೀಟು ಹೊಡೆದಿದ್ದೆ. ಸೋಲಾರಿಗೆ ಕೊಡುವ ಸೂರ್ಯಘರ್ ಸಬ್ಸಿಡಿಯವರೂ ಪ್ಯಾನೆಲ್, ಇನ್ವರ್ಟರ್ ಎರಡರಲ್ಲಿ ಚಿಕ್ಕದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಸರ್ಕಾರಕ್ಕೆ ಗೊತ್ತಿದ್ದದ್ದು ನನಗೆ ಹೊಳೆಯಲಿಲ್ಲ.

‘ಇಡೀ ಮನೆಗೆ ಬ್ಯಾಕಪ್’ ಎಂಬ ಪ್ಯಾಕೇಜ್ ಮಾರುವವರನ್ನು ಕಂಡರೆ ಈಗ ಮೈಯೆಲ್ಲ ಉರಿಯುತ್ತದೆ. ಯಾರ ಮನೆ, ಎಷ್ಟು ವ್ಯಾಟ್ ಎಂದು ಕೇಳದೆ ‘ಇಡೀ’ ಅನ್ನುವುದು ಯಾವ ಧೈರ್ಯದ ಮೇಲೆ? ಬರೀ ಬ್ಯಾಟರಿಯ ಯೂನಿಟ್ಟನ್ನೇ ದೊಡ್ಡದಾಗಿ ಬರೆದಿರುತ್ತಾರೆ. ಆದರೆ ನಾವೇನು ಕಡಿಮೆಯೇ? ಸಂತೆಯಲ್ಲಿ ಹತ್ತು ರೂಪಾಯಿ ಬದನೆಕಾಯಿಯನ್ನು ತಿರುಗಿಸಿ ತಿರುಗಿಸಿ ಹುಳ ನೋಡುವವರು, ಗೀಸರಿನ ಬೆನ್ನಿಗಂಟಿದ ವ್ಯಾಟ್ ಚೀಟಿ ಓದುವುದಿಲ್ಲ. ಬಿಸಿಲಿರುವ ಹೊತ್ತಿಗೆ ಪಂಪು, ಇಸ್ತ್ರಿ, ವಾಷಿಂಗ್ ಮಷೀನನ್ನು ಒಂದಾದ ಮೇಲೊಂದು ಹಾಕಿ ಅಂದರೆ, ಎಲ್ಲರಿಗೂ ಎಲ್ಲವೂ ಬೆಳಿಗ್ಗೆ ಏಳಕ್ಕೇ ಆಗಬೇಕು.

ನಮ್ಮನೆಯಲ್ಲಿ ಈಗ ಕರೆಂಟ್ ಹೋದರೆ, ಮಿಕ್ಸಿ ಹಾಕುವ ಮೊದಲು ಇವಳು ಬಂದು ಬಚ್ಚಲ ಬಾಗಿಲು ತಟ್ಟುತ್ತಾಳೆ.