ಶಿಲಾಶಾಸನಗಳೂ ಅಂಕೀಯ ಛಾಯಾಗ್ರಹಣವೂ

ಕಲ್ಲಿನಲ್ಲಿ ಕೊರೆದುದು ಶಾಶ್ವತವೆಂದು ನಮ್ಮ ಹಿರಿಯರು ನಂಬಿದ್ದರು. ಆಚಂದ್ರಾರ್ಕವಾಗಿ ನಿಲ್ಲಲೆಂದೇ ಅವರು ದಾನದತ್ತಿಗಳ ವಿವರವನ್ನು ಶಿಲೆಗೆ ಒಪ್ಪಿಸಿದರು. ಆದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಂಥ ಮಲೆನಾಡಿನ ತಾಲ್ಲೂಕುಗಳಲ್ಲಿ ಕಲ್ಲಿಗೂ ಆಯುಸ್ಸಿನ ಮಿತಿಯುಂಟು. ಮಳೆಗಾಲದುದ್ದಕ್ಕೂ ಒದ್ದೆಯಾಗಿಯೇ ಇರುವ ಬಂಡೆಯ ಮೇಲೆ ಮೊದಲು ಹಾವಸೆ ಕಟ್ಟುತ್ತದೆ. ಬಳಿಕ ಕಲ್ಲುಹೂವು ಹಬ್ಬುತ್ತದೆ. ಈ ಕಲ್ಲುಹೂವು ಸ್ರವಿಸುವ ಆಮ್ಲಗಳು ಶಿಲೆಯ ಖನಿಜಗಳನ್ನು ಮೆಲ್ಲಮೆಲ್ಲನೆ ಸಡಿಲಗೊಳಿಸುತ್ತವೆ. ಹೀಗೆ ಒಂದೆರಡು ಶತಮಾನಗಳಲ್ಲಿ ಅಕ್ಷರದ ಅಂಚು ಮೊಂಡಾಗಿ, ಕೊನೆಗೆ ಬರಹವೂ ಕಲ್ಲಿನ ಒರಟುತನವೂ ಒಂದೇ ಆಗಿಬಿಡುತ್ತವೆ.

ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಆರನೆಯ ಸಂಪುಟವು 1901ರಲ್ಲಿ ಪ್ರಕಟವಾಯಿತು. ಅಂದಿನ ಕಡೂರು ಜಿಲ್ಲೆಯ ಶಾಸನಗಳು ಅದರಲ್ಲಿವೆ. ವಿಜಯನಗರದ ಹರಿಹರನೂ ಅವನ ಸೋದರರೂ 1346ರಲ್ಲಿ ಶೃಂಗೇರಿಯ ಭಾರತೀತೀರ್ಥರಿಗೆ ಮಾಡಿದ ದಾನದ ಶಾಸನವು ಇವುಗಳಲ್ಲಿ ಪ್ರಸಿದ್ಧವಾದುದು. ಆಗ ಶಾಸನವನ್ನು ಪಡಿಯೆತ್ತುವ ಕ್ರಮವೆಂದರೆ, ಒದ್ದೆಮಾಡಿದ ಕಾಗದವನ್ನು ಕಲ್ಲಿನ ಮೇಲೆ ಹಾಸಿ, ಬ್ರಷ್ಷಿನಿಂದ ಬಡಿದು ಅಕ್ಷರದ ತಗ್ಗಿನೊಳಕ್ಕೆ ಇಳಿಸಿ, ಮೇಲೆ ಮಸಿಯನ್ನು ಒತ್ತುವುದು. ತಗ್ಗು ಬೆಳ್ಳಗೆ ಉಳಿಯುತ್ತದೆ, ಉಳಿದುದು ಕಪ್ಪಾಗುತ್ತದೆ. ಇದು ಒಳ್ಳೆಯ ಕ್ರಮವೇ, ಇಂದಿಗೂ ಬಳಕೆಯಲ್ಲಿದೆ. ಆದರೆ ಪುಡಿಪುಡಿಯಾಗುತ್ತಿರುವ ಕಲ್ಲಿಗೆ ಬ್ರಷ್ಷಿನ ಪೆಟ್ಟು ಹಿತವಲ್ಲ. ಕಲ್ಲನ್ನು ಮುಟ್ಟದೆಯೇ ಓದಬಲ್ಲ ಉಪಾಯವೊಂದು ಇಂದು ಸಾಮಾನ್ಯ ವಿದ್ಯಾರ್ಥಿಯ ಕೈಗೂ ಎಟುಕುವಂತಿರುವುದರಿಂದ, ಅದನ್ನು ಕಲಿಯುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಅಂಕೀಯ ಚಿತ್ರವೆಂದರೆ ಸಂಖ್ಯೆಗಳ ಒಂದು ಕೋಷ್ಟಕ, ಅಷ್ಟೆ. ಚಿತ್ರವನ್ನು ಪಿಕ್ಸೆಲ್ ಎಂಬ ಸಣ್ಣ ಚೌಕಗಳಾಗಿ ವಿಭಾಗಿಸಿ, ಪ್ರತಿಯೊಂದು ಚೌಕದ ಬೆಳಕನ್ನು ಒಂದು ಅಂಕದಿಂದ ಸೂಚಿಸುತ್ತಾರೆ. ಸಾಮಾನ್ಯವಾಗಿ 0 ಎಂದರೆ ಕಡುಗಪ್ಪು, 255 ಎಂದರೆ ಅಚ್ಚಬಿಳುಪು. ಬಣ್ಣದ ಚಿತ್ರಕ್ಕೆ ಕೆಂಪು, ಹಸಿರು, ನೀಲಿ ಎಂದು ಮೂರು ಅಂಕಗಳು ಬೇಕು. 1957ರಲ್ಲಿ ಅಮೆರಿಕದ ರಸೆಲ್ ಕಿರ್ಶ್ ಎಂಬ ವಿಜ್ಞಾನಿಯು ತನ್ನ ಹಸುಗೂಸಿನ ಭಾವಚಿತ್ರವನ್ನು ಹೀಗೆ ಕಂಪ್ಯೂಟರಿಗೆ ಉಣಿಸಿದಾಗ, ಅದರಲ್ಲಿದ್ದ ಪಿಕ್ಸೆಲ್‌ಗಳು ಅಡ್ಡಕ್ಕೆ 176, ಉದ್ದಕ್ಕೆ 176. ಇಂದಿನ ಸಾಧಾರಣ ಕ್ಯಾಮರಾದಲ್ಲಿ 6000ಕ್ಕೆ 4000, ಅಂದರೆ ಎರಡು ಕೋಟಿ ನಲವತ್ತು ಲಕ್ಷ ಪಿಕ್ಸೆಲ್‌ಗಳಿರುವುದುಂಟು.

ಇಷ್ಟು ದೊಡ್ಡ ಸಂಖ್ಯೆಯನ್ನು ಕೇಳಿ ಹಿಗ್ಗುವ ಮೊದಲು ಒಂದು ಲೆಕ್ಕವನ್ನು ಮಾಡಿ ನೋಡಬೇಕು. 120 ಸೆಂಟಿಮೀಟರ್ ಎತ್ತರದ, 80 ಸೆಂಟಿಮೀಟರ್ ಅಗಲದ ಶಾಸನವನ್ನು ಈ ಕ್ಯಾಮರಾದ ಚೌಕಟ್ಟು ತುಂಬುವಂತೆ ತೆಗೆದರೆ, ಕಲ್ಲಿನ ಒಂದು ಮಿಲಿಮೀಟರಿಗೆ 5 ಪಿಕ್ಸೆಲ್ ದೊರೆಯುತ್ತವೆ. ಎರಡು ಮಿಲಿಮೀಟರ್ ಅಗಲದ ಗೆರೆಗೆ 10 ಪಿಕ್ಸೆಲ್, ಓದಲು ಧಾರಾಳವಾಯಿತು. ಅದೇ ಕ್ಯಾಮರಾದಿಂದ 45 ಸೆಂಟಿಮೀಟರ್ ಉದ್ದದ ತಾಳೆಗರಿಯೊಂದನ್ನು ಪೂರ್ತಿಯಾಗಿ ತೆಗೆದರೆ, ಮಿಲಿಮೀಟರಿಗೆ 13 ಪಿಕ್ಸೆಲ್‌ಗಳಷ್ಟೆ. ಗರಿಯ ಮೇಲೆ ಕಂಠದಿಂದ ಗೀರಿದ ಗೆರೆಯ ದಪ್ಪವು ಮಿಲಿಮೀಟರಿನ ಹತ್ತನೆಯ ಒಂದು ಪಾಲಿದ್ದಲ್ಲಿ, ಅದಕ್ಕೆ ಸಿಕ್ಕುವುದು ಒಂದೇ ಒಂದು ಪಿಕ್ಸೆಲ್! ಆದುದರಿಂದ ಗರಿಯನ್ನು ಮೂರು ಭಾಗಗಳಾಗಿ ತೆಗೆದು ಆಮೇಲೆ ಜೋಡಿಸಬೇಕಾಗುತ್ತದೆ. ಕಂಠ, ಲೇಖನಿ, ಬಳಪ ಇವುಗಳ ಬರಹಗಳಿಗೆಲ್ಲ ಈ ಲೆಕ್ಕವು ಒಂದೇ. 1916ರಲ್ಲಿ ಆರ್. ನರಸಿಂಹಾಚಾರ್ಯರು ಶೃಂಗೇರಿ ಮಠದಲ್ಲಿ ಟೀಪೂ ಸುಲ್ತಾನನ ಕನ್ನಡ ಪತ್ರಗಳ ಕಟ್ಟನ್ನು ಬೆಳಕಿಗೆ ತಂದುದನ್ನು ನೆನೆದರೆ, ಮಠ ಮನೆಗಳ ಪೆಟ್ಟಿಗೆಗಳಲ್ಲಿರುವ ಹಾಳೆಗಳನ್ನೂ ಕಡತಗಳನ್ನೂ ಕಡೆಗಣಿಸಲಾಗದು.

ಪಿಕ್ಸೆಲ್‌ಗಿಂತಲೂ ಮುಖ್ಯವಾದುದು ಬೆಳಕು. ಕಲ್ಲಿನ ಅಕ್ಷರಕ್ಕೂ ಅದರ ಹಿನ್ನೆಲೆಗೂ ಬಣ್ಣದ ಭೇದವಿಲ್ಲ. ನಮ್ಮ ಕಣ್ಣು ಓದುವುದು ನೆರಳನ್ನು. ನಡುಹಗಲಿನಲ್ಲಿ ಎದುರಿನಿಂದ ಬೆಳಕು ಬಿದ್ದಾಗ ಏನೂ ಕಾಣದ ಬಂಡೆಯಲ್ಲಿ, ಸಂಜೆಯ ಓರೆಬಿಸಿಲಿಗೆ ಸಾಲುಗಳು ಎದ್ದು ಬರುವುದನ್ನು ಹಳ್ಳಿಗರು ಬಲ್ಲರು. ಇದಕ್ಕೆ ಕಾರಣವೇನು? ಸವೆದು ಅರ್ಧ ಮಿಲಿಮೀಟರ್ ಆಳವಷ್ಟೇ ಉಳಿದಿರುವ ಗೆರೆಯನ್ನು ತೆಗೆದುಕೊಳ್ಳಿ. ಬೆಳಕು ಕಲ್ಲಿನ ಮೇಲ್ಮೈಗೆ 60 ಡಿಗ್ರಿ ಕೋನದಲ್ಲಿ ಬಿದ್ದರೆ, ಗೆರೆಯ ಅಂಚಿನ ನೆರಳು 0.3 ಮಿಲಿಮೀಟರ್ ಮಾತ್ರ. 15 ಡಿಗ್ರಿಗೆ ಇಳಿಸಿದರೆ ನೆರಳು ಸುಮಾರು 1.9 ಮಿಲಿಮೀಟರಿಗೆ ಚಾಚುತ್ತದೆ. ಮೇಲಿನ ಉದಾಹರಣೆಯ ಚಿತ್ರದಲ್ಲಿ ಮೊದಲನೆಯದಕ್ಕೆ ಒಂದೂವರೆ ಪಿಕ್ಸೆಲ್, ಎರಡನೆಯದಕ್ಕೆ ಒಂಬತ್ತು. ದುಬಾರಿ ಕ್ಯಾಮರಾ ಕೊಡಲಾರದ ಲಾಭವನ್ನು ಒಂದು ಟಾರ್ಚು ಕೊಡುತ್ತದೆ!

ಆದರೆ ಇಲ್ಲೊಂದು ತೊಡಕುಂಟು. ಬೆಳಕು ಬರುವ ದಿಕ್ಕಿಗೆ ಸಮಾನಾಂತರವಾಗಿರುವ ಗೆರೆ ನೆರಳನ್ನು ಬೀರುವುದಿಲ್ಲ. ಕನ್ನಡದ ಅಕ್ಷರಗಳು ದುಂಡಗಿನವು; ಆದ್ದರಿಂದ ಒಂದು ಕಡೆಯ ಬೆಳಕಿನಲ್ಲಿ ಅಕ್ಷರದ ಒಂದು ಭಾಗವು ಸದಾ ಮರೆಯಾಗಿರುತ್ತದೆ. ಈಗಿನ ಅಚ್ಚಿನಲ್ಲೇ ನೋಡಿ, ‘ಪ’ಕಾರಕ್ಕೂ ‘ಷ’ಕಾರಕ್ಕೂ ಇರುವ ಅಂತರವು ಹೊಟ್ಟೆಯೊಳಗಿನ ಒಂದು ಗೆರೆ. ಅಂಥ ಗೆರೆಯೊಂದು ಮರೆಯಾದರೆ ಊರಿನ ಹೆಸರೇ ಬದಲಾದೀತು. ಅದಕ್ಕಾಗಿ ಕ್ಯಾಮರಾವನ್ನು ಮುಕ್ಕಾಲಿಯ ಮೇಲೆ ಅಲುಗದಂತೆ ನಿಲ್ಲಿಸಿ, ಟಾರ್ಚನ್ನು ಮಾತ್ರ ಸುತ್ತಲೂ ಸರಿಸುತ್ತ ಕಡೆಯ ಪಕ್ಷ ನಾಲ್ಕು, ಆದರೆ ಎಂಟು ದಿಕ್ಕುಗಳಿಂದ ಚಿತ್ರಗಳನ್ನು ತೆಗೆಯತಕ್ಕದ್ದು. ಹಗಲಿನಲ್ಲಿ ಕಲ್ಲಿಗೆ ಕಪ್ಪು ಬಟ್ಟೆಯ ಮರೆ ಕಟ್ಟಬೇಕು. ಕತ್ತಲಾದ ಮೇಲೆ ಆ ಕಷ್ಟವಿಲ್ಲ.

ಇದೇ ತತ್ತ್ವವನ್ನು ಇನ್ನೂ ಮುಂದಕ್ಕೆ ಒಯ್ದವರು ಟಾಮ್ ಮಾಲ್ಜ್‌ಬೆಂಡರ್ ಮತ್ತು ಅವರ ಸಂಗಡಿಗರು. 2001ರಲ್ಲಿ ಅವರು ಪ್ರಕಟಿಸಿದ ವಿಧಾನದಲ್ಲಿ, ಬೇರೆಬೇರೆ ದಿಕ್ಕಿನ ಬೆಳಕಿನಲ್ಲಿ ತೆಗೆದ ಹತ್ತಾರು ಚಿತ್ರಗಳನ್ನು ಕಂಪ್ಯೂಟರಿಗೆ ಕೊಟ್ಟರೆ, ಪ್ರತಿಯೊಂದು ಪಿಕ್ಸೆಲ್ಲಿನ ಹೊಳಪು ದಿಕ್ಕಿನೊಡನೆ ಹೇಗೆ ಬದಲಾಗುವುದೆಂಬುದನ್ನು ಅದು ಲೆಕ್ಕಹಾಕುತ್ತದೆ. ಬಳಿಕ ಪರದೆಯ ಮೇಲೆ ಬೆಳಕನ್ನು ಬೇಕಾದ ಕಡೆಗೆ ತಿರುಗಿಸಿ ಓದಬಹುದು. ಕಲ್ಲಿನ ಪಕ್ಕದಲ್ಲಿ ಹೊಳೆಯುವ ಕರಿಯ ಗುಂಡೊಂದನ್ನು ಇಟ್ಟಿರಬೇಕು. ಅದರ ಮೇಲೆ ಮಿನುಗುವ ಚುಕ್ಕಿಯ ಸ್ಥಾನದಿಂದ ಬೆಳಕಿನ ದಿಕ್ಕು ತಿಳಿಯುತ್ತದೆ. ಇದಕ್ಕೆ ಬೇಕಾದ ತಂತ್ರಾಂಶವು ಉಚಿತವಾಗಿಯೇ ದೊರೆಯುತ್ತದೆ. ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಲ್ಲಿ ಆ ಪ್ರದೇಶದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುವ ಕಾರ್ಯವನ್ನು ಆರಂಭಿಸಿತು. ಆ ಯಂತ್ರದ ಬೆಲೆ ಹೆಚ್ಚು. ಕಲಿಯುವವರಿಗೆ ಮೊದಲು ಟಾರ್ಚಿನ ಮಾರ್ಗವೇ ಲೇಸೆಂದು ನನ್ನ ಅಭಿಪ್ರಾಯ.

ಅಕ್ಷರ ಕಾಣಲೆಂದು ಕಲ್ಲಿಗೆ ಸೀಮೆಸುಣ್ಣ, ಹಿಟ್ಟು, ಎಣ್ಣೆ ಬಳಿಯುವವರಿದ್ದಾರೆ. ತಂತಿಯ ಬ್ರಷ್ಷಿನಿಂದ ಹಾವಸೆಯನ್ನು ಉಜ್ಜುವವರೂ ಇದ್ದಾರೆ. ಎರಡೂ ಕೂಡದು. ಒಣಗಿದ ಎಲೆ, ಮಣ್ಣುಗಳನ್ನು ಮೆತ್ತನೆಯ ಕುಂಚದಿಂದ ಸರಿಸಿದರೆ ಸಾಕು. ಇನ್ನು ಮಲೆನಾಡಿನ ತೇವವು ಕಲ್ಲನ್ನಷ್ಟೇ ಅಲ್ಲ, ಕ್ಯಾಮರಾವನ್ನೂ ಬಿಡದು. ಮಸೂರದೊಳಗೆ ಬೂಷ್ಟು ಬೆಳೆದು ಚಿತ್ರವು ಮಂಜಾಗುತ್ತದೆ. ಮಳೆಗಾಲದಲ್ಲಿ ಅದನ್ನು ಸಿಲಿಕಾ ಜೆಲ್ ಹಾಕಿದ ಬಿಗಿಮುಚ್ಚಳದ ಡಬ್ಬಿಯಲ್ಲಿಡಬೇಕು. ತೋಟ, ದೇವಾಲಯ, ಬಸದಿ ಯಾವುದೇ ಆಗಲಿ, ಒಡೆಯರ ಅಪ್ಪಣೆ ಪಡೆದೇ ಕೆಲಸಕ್ಕೆ ಕೈಹಾಕಬೇಕೆಂದು ಬೇರೆ ಹೇಳಬೇಕಿಲ್ಲ.

ಪ್ರತಿ ಚಿತ್ರದಲ್ಲಿಯೂ ಒಂದು ಅಳತೆಪಟ್ಟಿ ಇರಲಿ. ಊರು, ಸ್ಥಳ, ದಿನಾಂಕ, ಬೆಳಕಿನ ದಿಕ್ಕು ಇವುಗಳನ್ನು ಅಂದೇ ಬರೆದಿಡಬೇಕು. ಹೆಸರಿಲ್ಲದ ಸಾವಿರ ಚಿತ್ರಗಳು ಕಸಕ್ಕೆ ಸಮಾನ. ಕ್ಯಾಮರಾ ಮೊದಲು ಹಿಡಿದ ಕಚ್ಚಾ ರೂಪವನ್ನು ಎಂದೂ ಅಳಿಸಬಾರದು. ಜೆಪೆಗ್ ಎಂಬ ರೂಪವು ಚಿತ್ರವನ್ನು 8ಕ್ಕೆ 8 ಪಿಕ್ಸೆಲ್ಲುಗಳ ತುಂಡುಗಳಾಗಿ ಮಾಡಿ, ಕಣ್ಣಿಗೆ ಅಷ್ಟಾಗಿ ತಿಳಿಯದ ವಿವರಗಳನ್ನು ಬಿಟ್ಟುಬಿಡುವುದರಿಂದ ಹಂಚಲು ಅನುಕೂಲ, ಕಾಪಿಡಲು ತಕ್ಕುದಲ್ಲ. ಮೂರು ಪ್ರತಿಗಳಿರಲಿ, ಅದರಲ್ಲೊಂದು ಬೇರೆ ಊರಿನಲ್ಲಿರಲಿ.

ಓದಿದ ಪಾಠವನ್ನು ಅಂತರಜಾಲದಲ್ಲಿ ಪ್ರಕಟಿಸುವಾಗ ಯೂನಿಕೋಡ್ ಸಂಕೇತವನ್ನೇ ಬಳಸಬೇಕು. ಅದರಲ್ಲಿ ಪ್ರತಿ ಕನ್ನಡ ಚಿಹ್ನೆಗೂ ಜಗತ್ತಿಗೆಲ್ಲ ಒಂದೇ ಸಂಖ್ಯೆಯುಂಟು, ‘ಕ’ಕಾರಕ್ಕೆ 3221. ‘ಶೃಂಗೇರಿ’ ಎಂಬುದು ಓದಲು ಮೂರಕ್ಷರ. ಯಂತ್ರಕ್ಕೆ ಅದು ಏಳು ಸಂಖ್ಯೆಗಳ ಸಾಲು. ಹಳೆಯ ಫಾಂಟುಗಳಾದರೋ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದುವು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಬರಹವು ಅರ್ಥವಿಲ್ಲದ ಗೀಚಾಗುತ್ತಿತ್ತು, ಹುಡುಕಿದರೂ ಸಿಕ್ಕುತ್ತಿರಲಿಲ್ಲ.

ಕೊನೆಯದಾಗಿ ಒಂದು ಅಪಾಯವನ್ನು ಹೇಳಲೇಬೇಕು. ಇಂದಿನ ಮೊಬೈಲ್ ಫೋನುಗಳೂ ಕೆಲವು ತಂತ್ರಾಂಶಗಳೂ ಚಿತ್ರವನ್ನು ತಾವಾಗಿಯೇ ‘ಚೆಂದ’ಗೊಳಿಸುತ್ತವೆ, ಒರಟನ್ನು ನಯಮಾಡುತ್ತವೆ, ಇಲ್ಲದ ಅಂಚನ್ನು ಊಹಿಸಿ ಸೇರಿಸುತ್ತವೆ. ಮದುವೆಯ ಚಿತ್ರಕ್ಕೆ ಇದರಿಂದ ಹಾನಿಯಿಲ್ಲ. ಶಾಸನದಲ್ಲಾದರೋ ಯಂತ್ರವು ಬರೆದ ಗೆರೆಯನ್ನು ಹದಿನಾಲ್ಕನೆಯ ಶತಮಾನದ ಲಿಪಿಕಾರನು ಬರೆದನೆಂದು ಓದಿದಂತಾಗುವುದು. ಇಡೀ ಚಿತ್ರದ ಬೆಳಕನ್ನೂ ಕಪ್ಪುಬಿಳುಪಿನ ಅಂತರವನ್ನೂ ಹೆಚ್ಚುಕಡಮೆ ಮಾಡಬಹುದು, ಅದನ್ನು ಟಿಪ್ಪಣಿಯಲ್ಲಿ ಹೇಳಲೂ ಬೇಕು. ಒಂದೊಂದು ಅಕ್ಷರವನ್ನು ತಿದ್ದುವಂತಿಲ್ಲ. ಓದಲಾಗದ ಕಡೆ ಚುಕ್ಕಿಗಳನ್ನಿಟ್ಟು ಮುಂದೆ ಸಾಗುವುದೇ ಶಾಸನತಜ್ಞರ ಪದ್ಧತಿ.

ಅಭ್ಯಾಸಕ್ಕೆ ರೈಸ್ ಅವರ ಆರನೆಯ ಸಂಪುಟವೇ ಉತ್ತಮ ಜೊತೆ. ಅದು ಅಂತರಜಾಲದಲ್ಲಿ ಸಿಕ್ಕುತ್ತದೆ. ಅದರಲ್ಲಿ ಪಾಠವಿರುವ, ನಿಮ್ಮೂರಿಗೆ ಸಮೀಪದ ಒಂದು ಕಲ್ಲನ್ನು ಆರಿಸಿಕೊಂಡು, ಎಂಟು ದಿಕ್ಕಿನ ಚಿತ್ರಗಳನ್ನು ತೆಗೆದು, ಅಚ್ಚಾದ ಪಾಠದೊಡನೆ ಸಾಲುಸಾಲಾಗಿ ಹೋಲಿಸಿರಿ. 1901ರ ಪುಸ್ತಕದಲ್ಲಿದ್ದು ಈಗ ಕಲ್ಲಿನಲ್ಲಿ ಕಾಣದ ಅಕ್ಷರಗಳಿಗೆ ಒಂದು ಗುರುತು, ಕಲ್ಲಿನಲ್ಲಿ ಕಂಡರೂ ಪುಸ್ತಕದಲ್ಲಿಲ್ಲದವಕ್ಕೆ ಇನ್ನೊಂದು ಗುರುತು ಹಾಕಿರಿ.